ಖಾಸಿಂಬೀ ಒಪ್ಪಿಕೊಂಡ ನಾಲ್ಕು ಕೌದಿ

ಸುರಪುರದ ನಮ್ಮ ಓಣಿಯಲ್ಲಿ ಖಾಸಿಂಬೀ ಎಂದರೆ ಎಲ್ಲರಿಗೂ ಗೊತ್ತು. ಗಂಡ ದರ್ಜಿ. ಅವನ ಅಂಗಡಿಯ ಚಿಂದಿ, ಓಣಿಯವರ ಹಳೇ ಸೀರೆ ಕೂಡಿಸಿ ಆಕೆ ಕೌದಿ ಹೊಲಿಯುತ್ತಾಳೆ. ಮನೆಯಲ್ಲಿ ಉರ್ದು, ನಮ್ಮ ಜೋಡಿ ಕನ್ನಡ. ನಗು ಮಾತ್ರ ಎರಡರಲ್ಲೂ ಒಂದೇ. ಬೆಳಕು ಹರಿಯುವ ಮೊದಲೇ ಟಂಟಂ ಆಟೋದಲ್ಲಿ ಒತ್ತಿಕೊಂಡು ಕೂತು ಹತ್ತಿ ಬಿಡಿಸಲು ಹೋಗುತ್ತಿದ್ದ ನಮ್ಮನ್ನು ಕೂಡಿಸಿ ಸಂಘ ಕಟ್ಟಿದಾಕೆ ಅವಳೇ. ವರ್ಷಪೂರ್ತಿ ಕೂತು ಮಾಡುವ ಕೆಲಸ ಬೇಕು, ಟಂಟಂ ಮಾತ್ರ ಬೇಡ ಎನ್ನುವುದು ಆಕೆಯ ಹಟ.

ಒಮ್ಮೆ ಯಾದಗಿರಿಯಲ್ಲಿ ಸಂಘದವರಿಗೆ ತರಬೇತಿ ಇತ್ತು. ಅಲ್ಲಿಂದ ಖಾಸಿಂಬೀ ಎರಡು ಸುದ್ದಿ ತಂದಳು. ಅಲ್ಲಿ ಕೌದಿ ಮಾರುವ ಅಂಗಡಿಯ ಬಾಲರಾಜನಿಗೆ ಅಮಾಸೆಯೊಳಗೆ ನಾಲ್ಕು ಕೌದಿ ಮಾಡಿಡುತ್ತೇವೆ ಅಂದು ಬಂದಿದ್ದಳು; ಅವನು ನೋಡಲು ಬರುತ್ತಾನೆ, ಮನಸ್ಸಿಗೆ ಬಂದರೆ ತಿಂಗಳಾ ತಿಂಗಳಾ ಒಯ್ಯುತ್ತಾನೆ. ಇನ್ನೊಂದು, ಸಂಘಕ್ಕೊಂದು ಗುರಿ ಇರಬೇಕಂತೆ.

"ಅದನ್ನ ನಾ ಬಸ್ಸಿನಾಗೇ ಯೋಚ್ನಿ ಮಾಡೀನಿ," ಅಂದಳು. "ಕೌದಿಗೆ ನಾಕು ಬಾಜು, ನಾವು ನಾಕು ಮಂದಿ. ಯಾರು ಮೊದಲ ನಡುವಿಗೆ ಮುಟ್ತಾರ, ಅವರಿಗೆ ಹೊಸ ಕತ್ರಿ."

ಕೌದಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅರಿವೆ ಪದರು ಪದರಾಗಿ ಹಾಸಿ, ಸುತ್ತ ಕೂತು, ಅಂಚಿನಿಂದ ನಡುವಿನ ಕಡೆ ಹೊಲಿಯುತ್ತ ಬರುತ್ತೇವೆ. ಒಂದು ಸುತ್ತು ಎಲ್ಲರದೂ ಮುಗಿದ ಮೇಲೆಯೇ ಮುಂದಿನ ಸುತ್ತು. ಮೊದಲಿನಿಂದ ಹಂಗೇ. ಕತ್ರಿ ಆಸೆಗೆ ಅದನ್ನು ಬಿಟ್ಟೆವು.

ಗೊಲ್ಲಾಳಮ್ಮನ ಸೂಜಿ ಮೊದಲೇ ಜೋರು. ಎದುರಿಗೆ ಕೂತ ನಾಗರತ್ನಾಗೆ ಕಣ್ಣು ಮಂದ, ದಾರ ಪೋಣಿಸುವುದರಲ್ಲೇ ಹೊತ್ತು ಹೋಗುತ್ತದೆ.

"ನಾಗರತ್ನಾ, ನೀ ಇನ್ನಾ ಶಹಾಪುರ ದಾಟಿಲ್ಲ, ನಾ ಯಾದಗಿರಿ ಮುಟ್ಟೀನಿ!" ಅಂದಳು ಗೊಲ್ಲಾಳಮ್ಮ, ಸುರಪುರದಿಂದ ಬಸ್ಸು ಹತ್ತಿ ಹೊರಟಂತೆ.

"ಮುಟ್ಟು ತಾಯಿ, ಅಲ್ಲೇ ಚಾ ಕುಡಕೋತ ಕೂಡು," ಅಂದಳು ನಾಗರತ್ನಾ.

ಗೊಲ್ಲಾಳಮ್ಮ ಗೆದ್ದಳು. ಕೌದಿ ಜಾಡಿಸಿ ಹಾಸಿದರೆ ನಾಗರತ್ನಾಳ ಬಾಜು ದೊಡ್ಡದೊಂದು ಉಬ್ಬು. ಮುಂದೆ ಓಡಿದ ಹೊಲಿಗೆ ಅರಿವೆಯನ್ನೆಲ್ಲ ಹಿಂದೆ ಉಳಿದ ಕಡೆ ನೂಕಿತ್ತು. ಖಾಸಿಂಬೀ ಅಂಗೈಯಿಂದ ಒತ್ತಿದಳು. ಉಬ್ಬು ಸರಿದು ನನ್ನ ಬಾಜು ಬಂತು. ನಾನು ಒತ್ತಿದೆ, ತಿರುಗಿ ನಾಗರತ್ನಾಳ ಕಡೆ ಹೋಯಿತು.

"ಅಕ್ಕ, ಕೌದಿ ಬಸುರಾಗ್ಯದ," ಅಂದಳು ಗೊಲ್ಲಾಳಮ್ಮ. "ಸೀಮಂತ, ಕುಬಸ ಮಾಡೂನೇನು?"

ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಮೊದಲು ನಗು ನಿಲ್ಲಿಸಿದಾಕೆ ಖಾಸಿಂಬೀ. "ಬಾಲರಾಜ ಇದನ್ನ ನೋಡಿದರ ಮುಗೀತು. ತಿರುಗಿ ಟಂಟಂನೇ ನಮಗ."

ಗೆದ್ದಾಕೆಗೆ ಅಂತ ಇಟ್ಟಿದ್ದ ಹೊಸ ಕತ್ರಿ ತೆಗೆದು ತಾನೇ ಹೊಲಿಗೆ ಬಿಚ್ಚತೊಡಗಿದಳು. ಗೊಲ್ಲಾಳಮ್ಮನ ಮುಖ ಸಣ್ಣದಾಯಿತು.

"ನಿಂದೇನು ತಪ್ಪಿಲ್ಲ ಬಿಡವಾ," ಅಂದಳು ಖಾಸಿಂಬೀ. " ಓಡು ಅಂದಾಕಿ ನಾ. ಇನ್ನ ಗುರಿ ನಿಂದಲ್ಲ, ನಂದಲ್ಲ, ಸುತ್ತಿಂದು. ದಿನಾ ಇಷ್ಟು ಸುತ್ತು ಅಂದ್ರ ನಾಕೂ ಬಾಜು ಕೂಡಿ ಅಷ್ಟು. ನಿಂದು ಮೊದಲ ಮುಗದರ ನಾಗರತ್ನಾನ ಸೂಜಿಗೆ ದಾರ ಪೋಣಸು."

"ಎಷ್ಟು ಸುತ್ತವಾ?" ನಾನು ಕೇಳಿದೆ.

"ಶಿವಬಸಮ್ಮಾ, ಅದನ್ನ ಬಸ್ಸಿನಾಗ ಕೂತು ಹೇಳಾಕ ಬರಂಗಿಲ್ಲ ಅಂತ ಈಗ ತಿಳೀತು. ಹೊಲದು ನೋಡೂನ್ರಿ."

ಒಂದು ದಿನ ಹೊಲಿದು ನೋಡಿದೆವು. ಆ ನಡಿಗೆಗೆ ಅಮಾಸೆಯೊಳಗೆ ಎರಡೇ ಆಗುವಂತಿತ್ತು. ಖಾಸಿಂಬೀ ಆಗಲೇ ಬಾಲರಾಜನಿಗೆ ಫೋನ್ ಹಚ್ಚಿದಳು. "ನಾಕು ಅಂದದ್ದು ನನ್ನ ಬಾಯಿರಿ ಅಣ್ಣಾರ. ಕೈ ಎರಡೇ ಅಂತಾವ."

"ಬಂದು ನೋಡ್ತೀನಿ" ಅಂದನಂತೆ, ಅಷ್ಟೇ. ಅಮಾಸೆತನಕ ನಮಗೆ ಅದೇ ಚಿಂತೆ.

ಬಾಲರಾಜ ಬಂದಾಗ ಎರಡನೇ ಕೌದಿಯ ನಡುವೆ ಅಂಗೈಯಷ್ಟು ಜಾಗ ಇನ್ನೂ ಬಾಕಿ. ಮೊದಲನೆಯದನ್ನು ನೆಲಕ್ಕೆ ಹಾಸಿಸಿದ. ಕೈಯಾಡಿಸಿದ. ಆಮೇಲೆ ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟ.

"ನಿದ್ದಿ ಮಾಡಾಕ ಬಂದೀರೇನ್ರಿ?" ಅಂದಳು ಗೊಲ್ಲಾಳಮ್ಮ.

"ಬೆನ್ನಿಗೆ ಎಲ್ಲೂ ಒತ್ತವಲ್ದು," ಅನ್ನುತ್ತ ಎದ್ದ. "ತಿಂಗಳಿಗೆ ನಾಕು ಕೊಡ್ರಿ."

ನಾವು ಖಾಸಿಂಬೀಯ ಮುಖ ನೋಡಿದೆವು.

"ಎರಡು," ಅಂದಳು. "ಎರಡಕ್ಕ ಮಾತು ಕೊಡ್ತೀನ್ರಿ. ನಾಕು ಬೇಕಂದ್ರ ಇನ್ನೂ ನಾಕು ಮಂದಿ ಕೂಡಿದ ಮ್ಯಾಲೆ."

ಬಾಲರಾಜ ತಲೆ ಕೆರೆದುಕೊಂಡ. "ಆಗಲ್ರಿ, ಎರಡೇ. ಆದ್ರ ಹಿಂಗೇ ಇರಬೇಕು."

ನಮ್ಮಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ, ನಡು ಮುಚ್ಚುವ ಮೊದಲು ಅದಕ್ಕೂ ಒಂದು ತುತ್ತು ಇಡುವುದು ಪದ್ಧತಿ. ಉಳಿದ ಜಾಗದೊಳಗೆ ಖಾಸಿಂಬೀ ಒಣರೊಟ್ಟಿಯ ಚೂರು ಇಟ್ಟಳು. ಗೊಲ್ಲಾಳಮ್ಮ ಸೂಜಿಗೆ ದಾರ ಪೋಣಿಸಿ ನಾಗರತ್ನಾಳ ಕೈಗೆ ಕೊಟ್ಟಳು.

"ತಗೋ, ಯಾದಗಿರಿ ಬಂತು. ಇಳಿ."