ಸೊಪ್ಪಿನ ಮಡಿಯ ಮೇಲಿನ ಕ್ರೀಡಾಂಗಣ

ನಮ್ಮ ಮನೆಯಿಂದ ಗಾಂಧಿ ಬಜಾರಿಗೆ ಹೋಗುವ ದಾರಿಯಲ್ಲಿ ಪಾಲಿಕೆಯ ಫುಟ್‌ಬಾಲ್ ಕ್ರೀಡಾಂಗಣವಿದೆ. ಒಂದು ಬದಿಗೆ ಮಾತ್ರ ಸಿಮೆಂಟಿನ ಗ್ಯಾಲರಿ, ಉಳಿದ ಕಡೆ ತಂತಿಬೇಲಿ. ಕಳೆದ ವರ್ಷ ಅದನ್ನು ಖಾಸಗಿ ಕೋಚಿಂಗ್ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಕೊಡುವ ಪ್ರಸ್ತಾಪ ಬಂತು. ಕೊಟ್ಟರೆ ಸಂಜೆ ಅಲ್ಲಿ ಆಡುವ ನಮಗೆ ಗೇಟು ಮುಚ್ಚಿದಂತೆಯೇ. ವಾರ್ಡ್ ಸಭೆಯಲ್ಲಿ ಆಕ್ಷೇಪ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ಕಾಲೇಜಲ್ಲಿ ಡಿಬೇಟ್ ಕಪ್ ಹೊಡ್ದಿದೀಯಲ್ಲ ಮಗಾ, ಆ ಬಾಯಿ ಈಗಾದ್ರೂ ಉಪಯೋಗಕ್ಕೆ ಬರ್ಲಿ,” ಎಂದ ನಮ್ಮ ಗೋಲ್‌ಕೀಪರ್.

ನನ್ನ ವಾದ ಸರಳವಾಗಿತ್ತು: ಇದು ಮೊದಲಿನಿಂದಲೂ ಆಟದ ಮೈದಾನ. ಬರೆದುಕೊಂಡದ್ದನ್ನು ಊಟದ ಹೊತ್ತಿಗೆ ಮನೆಯಲ್ಲಿ ಓದಿ ತೋರಿಸಿದೆ. ಬಜಾರಿನಲ್ಲಿ ತರಕಾರಿ ವ್ಯಾಪಾರ ಮಾಡಿ ಈಗ ಮಂಡಿನೋವೆಂದು ಮನೆಯಲ್ಲೇ ಇರುವ ಅಜ್ಜಿ ಮಧ್ಯೆ ಬಾಯಿ ಹಾಕಿದಳು.

“ಮೊದ್ಲಿಂದ ಅಂದ್ರೆ ಯಾವಾಗಿಂದ? ಕೆರೆ ಬತ್ತಿದ ಜಾಗ ಅದು. ನಾವಲ್ಲಿ ಸೊಪ್ಪು ಬೆಳೀತಿದ್ವಿ. ಊರ ಮಕ್ಕಳು ಆಡೋಕೆ ಬೇಕು ಅಂತ ಪಾಲಿಕೆಯೋರು ನಮ್ಮನ್ನ ಬಿಡಿಸಿದ್ರು.”

“ಅದಕ್ಕೆ ದಾಖಲೆ ಇದ್ಯಾ ಅಜ್ಜಿ?”

“ನಿನ್ ಮೊದ್ಲಿಂದಕ್ಕೆ ಇದ್ಯಾ?”

ಇರಲಿಲ್ಲ. ಅಜ್ಜಿಯ ಮಾತನ್ನೂ ನಾನು ಪೂರ್ತಿ ನಂಬಲಿಲ್ಲ. ನಮ್ಮ ಮನೆಯಲ್ಲಿ ಕಳೆದುಕೊಂಡ ಜಮೀನು ಪ್ರತಿ ಹಬ್ಬಕ್ಕೂ ಒಂದಿಷ್ಟು ಅಗಲವಾಗುತ್ತದೆ. ಆದರೆ ಕ್ರೀಡಾಂಗಣದ ಗೇಟಿನ ಕಲ್ಲುಫಲಕದಲ್ಲಿ ಇತಿಹಾಸ ಶುರುವಾಗುವುದೇ ಉದ್ಘಾಟನೆಗೆ ಬಂದ ಸಚಿವರಿಂದ. ಅದಕ್ಕೆ ಮೊದಲು ಅಲ್ಲಿ ಬರೀ ಗಾಳಿಯಿತ್ತು ಎಂದು ನಂಬುವುದು ಇನ್ನೂ ಕಷ್ಟ. ತೊಂದರೆಯೆಂದರೆ ಅಜ್ಜಿಯ ಇತಿಹಾಸ ಎದುರಾಳಿಗೇ ಅನುಕೂಲ. ಒಮ್ಮೆ ಕೈ ಬದಲಾದ ಜಾಗ ಇನ್ನೊಮ್ಮೆ ಬದಲಾದರೆ ತಪ್ಪೇನು?

ಸಭೆಯಲ್ಲಿ ಅಧಿಕಾರಿ ಅದನ್ನೇ ಹಿಡಿದರು. “ನೋಡಿ, ಮೊದಲು ಅಲ್ಲಿ ಸೊಪ್ಪಿನ ತೋಟ ಇತ್ತು. ಕಾಲಕ್ಕೆ ತಕ್ಕ ಹಾಗೆ ಜಾಗದ ಬಳಕೆನೂ ಬದಲಾಗುತ್ತೆ.”

ಬರೆದುಕೊಂಡು ಹೋದದ್ದನ್ನು ಬಿಟ್ಟೆ. “ಸರಿ ಸರ್. ಎಲ್ರೂ ಆಡ್ಲಿ ಅಂತ ನಮ್ಮಜ್ಜಿ ಹತ್ರ ತಗೊಂಡಿದ್ದು. ಒಬ್ರಿಗೇ ಕೊಡೋದಾದ್ರೆ ಆ ಕಾರಣ ಮುಗೀತು. ಮೊದ್ಲು ನಮಗೆ ವಾಪಸ್ ಕೊಡಿ.”

“ಗುರು, ನೀನು ಫುಟ್‌ಬಾಲ್ ಕಡೆನಾ, ತೋಟದ ಕಡೆನಾ?” ಎಂದು ಹಿಂದಿನಿಂದ ಯಾರೋ ಕೂಗಿದರು. ಅಧಿಕಾರಿಯೂ ನಕ್ಕರು. ಆಮೇಲೆ, ನೋಡೋಣ ಎಂದು ಪ್ರಸ್ತಾಪವನ್ನು ಮುಂದೂಡಿದರು.

ನಾನು ಗೆದ್ದೆನೆಂದು ಗೋಲ್‌ಕೀಪರ್ ಹೇಳಿಕೊಂಡು ತಿರುಗಿದ. ನಾನು ಹಾಗೆನ್ನಲಾರೆ, ಮುಂದೂಡಲು ಯಾರ ವಾದವೂ ಬೇಕಾಗುವುದಿಲ್ಲ. ಸದ್ಯಕ್ಕೆ ಸಂಜೆ ಗೇಟು ತೆರೆದಿರುತ್ತದೆ, ಆಡುತ್ತೇವೆ.

ಅಜ್ಜಿಗೆ ವಿಷಯ ತಿಳಿಸಿದಾಗ, “ನಮ್ಮನ್ನ ಬಿಡಿಸೋಕೆ ಮೊದ್ಲೂ ನೋಡೋಣ ಅಂತಲೇ ಅಂದಿದ್ರು,” ಎಂದು ಟಿವಿಯ ಸದ್ದು ಜಾಸ್ತಿ ಮಾಡಿದಳು.