ಅಕ್ಕ ಎಳೆದ ಕೆಮ್ಮಣ್ಣಿನ ಗೆರೆ

ನನ್ನ ಎಡಗಡೆಯ ಕಿಡ್ನಿ ಈಗ ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ, ನನ್ನ ಅಕ್ಕನ ಹೊಟ್ಟೆಯಲ್ಲಿ. ಅಕ್ಕ ಅದನ್ನು ‘ಕರ’, ಅಂದರೆ ಕರು, ಅನ್ನುತ್ತಾಳೆ. ಪಾಂಡವಪುರದಿಂದ ಫೋನ್ ಮಾಡಿದಾಗ ನಾನು ಅವಳಿಗಿಂತ ಮೊದಲು ವಿಚಾರಿಸಿಕೊಳ್ಳುವುದು ಆ ಕರುವನ್ನೇ. ‘ಸುಮ್ಕೆ ಮಲ್ಗದೆ ಕಣೆ, ನಿನ್ನಂಗೆ ಒದ್ರಾಕಿಲ್ಲ’ ಅನ್ನುತ್ತಾಳೆ. ಒದರುವುದು ನನ್ನ ಕಸುಬಾಗಿತ್ತು. ನಿವೃತ್ತಿಯಾಗುವವರೆಗೂ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು ನಾನು, ಅದೂ ಕೊನೆಯ ಬೆಂಚಿನಲ್ಲಿ ತೂಕಡಿಸುವವರಿಗೂ ಕೇಳಿಸುವ ಹಾಗೆ.

ಕರು ಎಂಬ ಹೆಸರು ಹುಟ್ಟಿದ್ದು ಮೈಸೂರಿನ ಆಸ್ಪತ್ರೆಯಲ್ಲಿ. ಆಪರೇಷನ್ನಿಗೆ ಮುಂಚೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದ್ದರು. ಮೈಯೊಳಗೆ ಯಾವಾಗಲೂ ಒಂದು ಕಾವಲು ಇರುತ್ತದೆ. ತನ್ನದು ಯಾವುದು, ಹೊರಗಿನದು ಯಾವುದು ಎಂದು ಅದು ಪರೀಕ್ಷಿಸುತ್ತಲೇ ಇರುತ್ತದೆ. ತನ್ನದಲ್ಲದ್ದು ಕಂಡರೆ ಮೇಲೆ ಬೀಳುತ್ತದೆ. ಒಳಗೆ ನುಗ್ಗಿದ ರೋಗಾಣುವನ್ನು ಕೊಲ್ಲುವುದೂ ಅದೇ, ಒಡಹುಟ್ಟಿದವಳು ಕೊಟ್ಟ ಕಿಡ್ನಿಯನ್ನು ಹಾಳುಮಾಡುವುದೂ ಅದೇ. ಪ್ರೀತಿ ಗೀತಿ ಅದಕ್ಕೆ ಅರ್ಥವಾಗುವುದಿಲ್ಲ. ಅದಕ್ಕೇ ಬದುಕಿರುವವರೆಗೂ ಆ ಕಾವಲನ್ನು ಮಂಕುಮಾಡುವ ಮಾತ್ರೆ ನುಂಗಬೇಕು. ನಾನು ತಲೆಯಾಡಿಸಿದೆ. ಅಕ್ಕ ಹಸು ಕಟ್ಟಿ ಡೈರಿಗೆ ಹಾಲು ಹಾಕಿ ಸಂಸಾರ ನಡೆಸಿದವಳು. ಅವಳು ಕೇಳಿದಳು, ‘ಬ್ಯಾರೆ ಅಸೀನ ಕರ ಬುಟ್ರೆ ಒದಿಯಾಕಿಲ್ವಾ ಸಾರ್, ಅಂಗೇನಾ? ಅಂಗಾರೆ ನಿಮ್ ಮಾತ್ರೆ ಅಂದ್ರೆ ಇಂಗಾಲ್ಗೆ ಕಟ್ಟೋ ಅಗ್ಗ.’ ಡಾಕ್ಟರು ನಕ್ಕು ಹೌದೆಂದರು. ಆಮೇಲೆ ನೋಡಲು ಬಂದವರಿಗೆಲ್ಲ ಆಪರೇಷನ್ ತಾನೇ ಮಾಡಿದವಳ ಹಾಗೆ ಅಕ್ಕ ಇದನ್ನೇ ಹೇಳಿದಳು.

ಆದರೆ ಹಿಂಗಾಲು ಕಟ್ಟಿಸಿಕೊಂಡ ಹಸು ಕರುವನ್ನು ಒದೆಯಲಾರದು ಅಂದಮೇಲೆ ನಾಯಿ ಬಂದರೂ ಒದೆಯಲಾರದು. ಬೇರೆಯವರಿಗೆ ನೆಗಡಿಯಾಗಿ ಹೋಗುವಂಥದ್ದು ಅವಳನ್ನು ಆಸ್ಪತ್ರೆಗೆ ಹಾಕುತ್ತದೆ. ಮದುವೆ ಮನೆ ಬೇಡ, ತುಂಬಿದ ಬಸ್ಸು ಬೇಡ, ಕೊಟ್ಟಿಗೆಯಂತೂ ಬೇಡವೇ ಬೇಡ. ಸಗಣಿ ಬಾಚುವಾಗ ಅವಳಷ್ಟು ಸಂತೋಷವಾಗಿ ಇರುತ್ತಿದ್ದ ಹೆಂಗಸನ್ನು ನಾನು ಕಂಡಿಲ್ಲ. ಈಗ ಹಿತ್ತಲ ಬಾಗಿಲಲ್ಲಿ ನಿಂತು ಅಲ್ಲಿಂದಲೇ ತನ್ನ ಹಸುಗಳನ್ನು ಬೈಯುತ್ತಾಳೆ. ಅವು ಕಿವಿ ತಿರುಗಿಸಿ ಇವಳ ಕಡೆಯೇ ನೋಡುತ್ತವೆ. ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ, ಒಳಗೆ ಹೋಗಿಬಿಡುತ್ತೇನೆ.

ನಮಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಅವ್ವ ಹೋದ ಮೇಲೆ ಗೌರಿ ಹಬ್ಬಕ್ಕೆ ತವರಿನ ಬಾಗಿನ ಕೊಡುವವರು ಯಾರು ಅನ್ನುವ ಪ್ರಶ್ನೆ ಬಂತು. ಬೇರೆಯವರಾಗಿದ್ದರೆ ದಾಯಾದಿಗಳ ಮುಖ ನೋಡುತ್ತಿದ್ದರೇನೋ. ‘ನಂಗೆ ನೀನೇ ತೌರು, ನಿಂಗೆ ನಾನೇ ತೌರು, ಇನ್ನೊಬ್ರ ಅಂಗೇನು’ ಎಂದು ಅಕ್ಕ ತೀರ್ಮಾನ ಕೊಟ್ಟಳು. ಒಂದು ವರ್ಷ ಅವಳು ಮೊರ ಹೊತ್ತು ಪಾಂಡವಪುರಕ್ಕೆ ಬರಬೇಕು, ಮರುವರ್ಷ ನಾನು ಹೋಗಬೇಕು. ಆಪರೇಷನ್ ಆದ ಮೇಲೆ ಪ್ರತಿವರ್ಷವೂ ನಾನೇ ಹೋಗುತ್ತಿದ್ದೇನೆ.

ಈ ವರ್ಷ ಹೊರಡುವ ಮುಂಚಿನಿಂದಲೇ ಎಡಗಡೆ ಪಕ್ಕೆಯಲ್ಲಿ ಉರಿ. ಕಿಡ್ನಿ ತೆಗೆದ ಜಾಗ, ಹಬ್ಬ ಬಂತೆಂದು ಜೊತೆಯದನ್ನು ನೆನೆಸಿಕೊಳ್ಳುತ್ತಿರಬೇಕು ಎಂದು ನನಗೆ ನಾನೇ ತಮಾಷೆ ಮಾಡಿಕೊಂಡೆ. ಬಸ್ಸಿನಲ್ಲಿ ರವಿಕೆಯ ಬಟ್ಟೆ ತಗುಲಿದರೂ ಬೆಂಕಿ ಸೋಕಿದ ಹಾಗಾಗುತ್ತಿತ್ತು. ಅಕ್ಕನ ಮನೆಯಲ್ಲಿ ಬಾಗಿನ ಕೊಟ್ಟು, ಊಟ ಮುಗಿಸಿ, ಸೀರೆ ಬದಲಾಯಿಸುತ್ತಿದ್ದಾಗ ಅವಳು ಹಿಂದಿನಿಂದ ನೋಡಿದಳು.

‘ಅಯ್ಯೋ ನಿನ್ ಮನೆ ಕಾಯೋಗ, ಸರ್ಪಸುತ್ತು ಕಣೆ ಇದು. ಎಷ್ಟ್ ದಿನ್ದಿಂದ ಇಟ್ಕಂಡಿದ್ದೀಯೆ?’

ಬೆನ್ನಿನಿಂದ ಹೊಟ್ಟೆಯ ಕಡೆಗೆ ಗುಳ್ಳೆಗಳ ಸಾಲು ಹರಿದಿತ್ತು. ಸರ್ಪ ಸೊಂಟ ಸುತ್ತಿ ತಲೆಗೆ ಬಾಲ ಸೇರಿಸಿದರೆ ಆಳು ಉಳಿಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಸೇರದ ಹಾಗೆ ಅಡ್ಡಲಾಗಿ ಕೆಮ್ಮಣ್ಣಿನ ಗೆರೆ ಎಳೆಯಬೇಕು. ಅದರಲ್ಲೂ ನಮ್ಮ ಅಜ್ಜಿಯ ಕಟ್ಟಪ್ಪಣೆ ಬೇರೆ: ಗೆರೆ ಎಳೆಯುವ ಬೆರಳು ಒಡಹುಟ್ಟಿದವರದೇ ಆಗಬೇಕು. ನನಗೆ ಇದರಲ್ಲಿ ನಂಬಿಕೆಯಿಲ್ಲ. ಆದರೂ ಅಕ್ಕ ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಬಂದಾಗ ಬೇಡ ಅನ್ನಲಿಲ್ಲ. ಗುಳ್ಳೆಯ ಮೇಲೂ ಸುತ್ತಲೂ ಅವಳು ಬೆರಳಾಡಿಸುತ್ತಿದ್ದರೆ ಉರಿ ತಣ್ಣಗಾಗುತ್ತಿತ್ತು. ಎಷ್ಟು ವರ್ಷವಾಗಿತ್ತೋ ಅವಳು ನನ್ನನ್ನು ಹಾಗೆ ಮುಟ್ಟಿ. ನಾವು ಮುಟ್ಟಿ ಮುದ್ದಾಡುವ ಪೈಕಿಯವರಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿ ಮಧ್ಯಾಹ್ನವೆಲ್ಲ ಹರಟಿದೆವು. ಹೀಗೇ ಇದ್ದುಬಿಡೋಣ ಅನ್ನಿಸಿತು.

ಮಾರನೆಯ ದಿನ ಶ್ರೀರಂಗಪಟ್ಟಣದ ಚರ್ಮದ ಡಾಕ್ಟರಿಗೆ ತೋರಿಸಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕೆಮ್ಮಣ್ಣನ್ನು ನೋಡಿ ಬೈಯಲಿಲ್ಲ, ಹತ್ತಿಯಲ್ಲಿ ಮೆಲ್ಲಗೆ ಒರೆಸುತ್ತಾ ಕೇಳಿದಳು.

‘ಚಿಕ್ಕವರಿದ್ದಾಗ ನಿಮಗೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಆಗಿತ್ತಾ ಮೇಡಂ?’

‘ಆಗಿತ್ತು. ಅದಕ್ಕೂ ಇದಕ್ಕೂ ಏನು ಸಂಬಂಧ?’

‘ಎರಡೂ ಒಂದೇ. ಆವತ್ತು ಬಂದ ವೈರಸ್ಸೇ ಇದು.’

ನಾನು ಪೆಚ್ಚಾದೆ. ನಮ್ಮ ಲೆಕ್ಕದಲ್ಲಿ ಅವೆರಡು ಬೇರೆ ಬೇರೆ ದೇವರು. ಅಮ್ಮ ಅಂದರೆ ಮಾರಮ್ಮ, ಬೇವಿನ ಸೊಪ್ಪು, ಮೊಸರನ್ನ. ಸರ್ಪ ಅಂದರೆ ಹುತ್ತ, ಹಾಲು, ಕೆಮ್ಮಣ್ಣು. ಇವೆರಡಕ್ಕೂ ಸಂಬಂಧವಿದ್ದೀತೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಅವಳು ಬಿಡಿಸಿ ಹೇಳಿದಳು. ರೋಗಾಣು ಮೊದಲ ಸಲ ಬಂದಾಗ ಮೈಯ ಕಾವಲಿಗೆ ಅದರ ಗುರುತು ಇರುವುದಿಲ್ಲ. ಗುರುತು ಹಿಡಿದು, ಅದಕ್ಕೆ ಸರಿಯಾದ ಆಯುಧ ಮಾಡಿಕೊಳ್ಳುವಷ್ಟರಲ್ಲಿ ಮೈತುಂಬ ಗುಳ್ಳೆ ಎದ್ದಿರುತ್ತವೆ. ಗೆದ್ದ ಮೇಲೆ ಕಾದಿದ ಕಣಗಳಲ್ಲಿ ಹೆಚ್ಚಿನವು ಸಾಯುತ್ತವೆ. ಕೆಲವು ಮಾತ್ರ ಆ ರೋಗದ ನೆನಪು ಹೊತ್ತು ವರ್ಷಾನುಗಟ್ಟಲೆ ಉಳಿದುಕೊಳ್ಳುತ್ತವೆ. ಅದಕ್ಕೇ ಅಮ್ಮ ಸಾಮಾನ್ಯವಾಗಿ ಎರಡನೇ ಸಲ ಬರುವುದಿಲ್ಲ. ಆದರೆ ವೈರಸ್ಸು ಕೂಡ ಪೂರ್ತಿ ಹೋಗಿರುವುದಿಲ್ಲ, ಬೆನ್ನುಹುರಿಯ ಪಕ್ಕದ ನರದ ಬುಡದಲ್ಲಿ ಅಡಗಿ ಮಲಗಿರುತ್ತದೆ. ವಯಸ್ಸಾಗಿ ಕಾವಲು ಸಡಿಲವಾದಾಗ ಎದ್ದು ಅದೇ ನರ ಹಿಡಿದು ಹೊರಗೆ ಬರುತ್ತದೆ. ಹಾಗಾಗಿಯೇ ಈ ಸಾಲು.

‘ಗುಳ್ಳೆಯ ನೀರನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ. ಅಮ್ಮ ಬಾರದವರಿಗೆ ಇದರಿಂದ ಅಮ್ಮ ಆಗಬಹುದು. ಅದರಲ್ಲೂ ರೋಗನಿರೋಧಕ ಶಕ್ತಿ ಕಡಿಮೆ ಇರುವವರ ಹತ್ತಿರಕ್ಕೇ ಹೋಗಬೇಡಿ, ಅವರಿಗೆ ಜೀವಕ್ಕೇ ಬರಬಹುದು’ ಅಂದಳು.

ಆ ಕೆಮ್ಮಣ್ಣಿನ ಬೆರಳು ಯಾರದು, ಅವಳು ದಿನಾ ನುಂಗುವ ಮಾತ್ರೆ ಯಾವುದು ಎಂದು ಹೇಳಿದೆ. ಆ ಹೆಣ್ಣುಮಗಳು ಕೈಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಅಕ್ಕನಿಗೆ ಅಮ್ಮ ಬಂದಿತ್ತೇ ಎಂದು ಕೇಳಿದಳು. ಬಂದಿತ್ತು, ನಮ್ಮಿಬ್ಬರಿಗೂ ಒಟ್ಟಿಗೇ ಬಂದಿತ್ತು ಅಂದೆ. ಹಾಗಾದರೆ ಸ್ವಲ್ಪ ಧೈರ್ಯ, ಆದರೂ ಅವರ ಮೈಸೂರಿನ ಡಾಕ್ಟರಿಗೆ ಈಗಲೇ ತಿಳಿಸಿ ಅಂದಳು.

ಬಸ್‌ಸ್ಟ್ಯಾಂಡಿನ ಗಲಾಟೆಯಲ್ಲೇ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಅವಳೊಂದಿಗೆ ಮಾತಾಡುವಾಗ ಮೇಡಂ ಭಾಷೆ ತಾನಾಗಿಯೇ ಬಿಟ್ಟುಹೋಗುತ್ತದೆ. ಎಲ್ಲ ಹೇಳಿ, ‘ಎದ್ರಕಬ್ಯಾಡ ಕಣಕ್ಕ, ನಮ್ಮಿಬ್ರಿಗೂ ಆಗ್ಲೇ ಅಮ್ಮ ಬಂದೋಗದಲ್ಲ, ಮೈಯಾಗೆ ಅದ್ರ ನೆಪ್ಪು ಇರ್ತದಂತೆ’ ಅಂದೆ.

ಗಲಾಟೆಯಲ್ಲಿ ಕೇಳಿಸಲೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

‘ನಂಗೆ ಬಂದಿರ್ಲಿಲ್ಲ ಕಣೆ’ ಅಂದಳು ಅಕ್ಕ.

ನಾಗಮಂಗಲದ ಹತ್ತಿರದ ಊರಲ್ಲಿ ನಮ್ಮ ತವರುಮನೆಯಿತ್ತು. ನನಗೆ ಅಮ್ಮ ಬಂದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು, ಮನೆಯಲ್ಲಿ ಒಗ್ಗರಣೆ ನಿಂತಿತು, ನನ್ನನ್ನು ಕತ್ತಲೆ ಕೋಣೆಯಲ್ಲಿ ಬೇವಿನ ಎಲೆಯ ಮೇಲೆ ಮಲಗಿಸಿದರು. ಅಕ್ಕನನ್ನು ಸೋದರಮಾವನ ಮನೆಗೆ ಕಳಿಸುವುದೆಂದು ನಿಶ್ಚಯವಾಗಿ ಅವಳ ಬಟ್ಟೆಯ ಗಂಟು ಕಟ್ಟಿದ್ದರು. ಹೊರಡುವ ಬೆಳಿಗ್ಗೆ ಅವಳ ಮೈಮೇಲೂ ಕೆಂಪಗೆ ಎದ್ದಿತು. ಗಂಟು ಬಿಚ್ಚಿ ಅವಳನ್ನೂ ನನ್ನ ಪಕ್ಕ ಮಲಗಿಸಿದರು. ನನ್ನ ಬಾಲ್ಯದಲ್ಲಿ ಅಷ್ಟು ಸುಖದ ದಿನಗಳು ಬೇರೆ ಇಲ್ಲವೆಂದರೆ ಯಾರೂ ನಂಬುವುದಿಲ್ಲ. ನವೆಯಾದಾಗ ಉಗುರು ಹಾಕಬಾರದೆಂದು ಅಕ್ಕ ಬೇವಿನ ಚಿಗುರಿನಿಂದ ಸವರುತ್ತಿದ್ದಳು. ಕತೆ ಹೇಳುತ್ತಿದ್ದಳು. ಎಳನೀರಿನಲ್ಲಿ ತನ್ನ ಪಾಲನ್ನೂ ನನಗೇ ಕುಡಿಸುತ್ತಿದ್ದಳು. ಬೇವಿನ ವಾಸನೆ ಬಂದರೆ ಜನ ಮುಖ ಸಿಂಡರಿಸುತ್ತಾರೆ, ನನಗೆ ಇವತ್ತಿಗೂ ಅಕ್ಕ ಬೇಕು ಅನ್ನಿಸುತ್ತದೆ.

‘ಮಾವನ್ ಮನೆಗೆ ಕಳಿಸ್ಬುಡ್ತಾರಲ್ಲ ಅಂತವ ಬೇಲಿಲಿದ್ದ ತುರಿಕೆ ಸೊಪ್ಪು ಉಜ್ಕಂಡ್ಬುಟ್ಟೆ’ ಅಕ್ಕ ಫೋನಿನಲ್ಲಿ ಹೇಳುತ್ತಿದ್ದಳು. ‘ನೀನು ಕ್ವಾಣೇಲಿ ಒಬ್ಳೆ ಅಳ್ತಿದ್ದೆ. ಅಜ್ಜಿ ನೋಡ್ಬುಟ್ಟು, ತಾಯಿ ಇವ್ಳ್ ಮೈಮೇಲೂ ತೆಳ್ಳಗೆ ಬಂದವ್ಳೆ ಅಂತ ನಂಗೇ ಕೈ ಮುಗುದ್ಲು. ಅಜ್ಜಿನೇ ಕೈ ಮುಗುದ್ಮ್ಯಾಕೆ ಎಂಗೆ ಏಳಾದು, ಸುಳ್ಳು ಅಂತ?’

ತುರಿಕೆ ಸೊಪ್ಪಿನ ದದ್ದು ಬೇಗನೆ ಇಳಿದಿರಬೇಕು. ಆ ಕತ್ತಲಲ್ಲಿ ಯಾರು ನೋಡಿದರು? ಅಮ್ಮ ಇಳಿದು ನನಗೆ ನೀರು ಹಾಕಿದ ದಿನ ಅವಳಿಗೂ ಬೇವು ಅರಿಶಿನದ ನೀರು ಹಾಕಿದರು, ಮಾರಮ್ಮನಿಗೆ ಇಬ್ಬರ ಹೆಸರಲ್ಲೂ ತಂಬಿಟ್ಟಿನ ಆರತಿ ಹೋಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಹಿಂದೆ ಬಂದ ಕಾಯಿಲೆಗಳನ್ನು ಕೇಳಿದಾಗ, ಅಕ್ಕ ಬಾಯಿ ತೆರೆಯುವ ಮೊದಲೇ, ಇಬ್ಬರಿಗೂ ಅಮ್ಮ ಬಂದಿತ್ತು ಎಂದು ಗಟ್ಟಿಯಾಗಿ ಹೇಳಿದವಳು ನಾನೇ, ಅವರೂ ಅದನ್ನೇ ಬರೆದುಕೊಂಡಿದ್ದರು.

‘ದೇವ್ರ್ ಎಸ್ರಲ್ಲಿ ಸುಳ್ಳಾಡಿದ್ದೆ. ಅದ್ಕೇ ಕಿಡ್ನಿ ಓದ್ವು ಅನ್ಕಂಡಿದ್ದೆ. ಆ ಪಾಪ್ಕೆ ನಿಂದೂ ಒಂದ್ ಓಯ್ತಲ್ಲ ಅಂತ ಒಳ್ಗೊಳ್ಗೇ ಕೊರಗ್ತಿದ್ದೆ ಕಣೆ.’

ಇಷ್ಟು ವರ್ಷ ಈ ಹೆಂಗಸು ಕರು, ಹಗ್ಗ ಎಂದು ಜನರನ್ನು ನಗಿಸುತ್ತಾ ಒಳಗೆ ಇದನ್ನು ಹೊತ್ತುಕೊಂಡಿದ್ದಳು. ನನಗೆ ಸಿಟ್ಟು ಬಂತು, ಅಳುವೂ ಬಂತು. ಯಾವುದಕ್ಕೂ ಪುರುಸೊತ್ತಿರಲಿಲ್ಲ. ಮೈಸೂರಿಗೆ ಫೋನ್ ಮಾಡಿದೆ. ರಕ್ತ ತೆಗೆಸಿ ಕೂಡಲೇ ಕಳಿಸಿ ಅಂದರು. ಅಮ್ಮನ ನೆನಪು ಇದ್ದರೆ ರಕ್ತದಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಗುಳ್ಳೆ ಏಳಲು ಬಿಡದೆ ಈಗಲೇ ಇಂಜೆಕ್ಷನ್ ಕೊಡಬೇಕು, ಕೊಟ್ಟರೂ ಪೂರ್ತಿ ಭರವಸೆ ಹೇಳಲಾಗದು ಅಂದರು. ಭಾವ ಅವಳನ್ನು ಬೈಕಿನಲ್ಲಿ ಕೆ.ಆರ್.ಪೇಟೆಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದರು.

ವರದಿ ಬರುವ ತನಕ ನಾನು ಪಾಂಡವಪುರದ ಮನೆಯಲ್ಲಿ ಒಂದು ಕೋಣೆ ಹಿಡಿದು ಕೂತೆ. ಎಲ್ಲಿಗೂ ಹೋಗುವಂತಿಲ್ಲ. ಹೋಗಬೇಕಾದ ಜಾಗವಂತೂ ಒಂದೇ ಇತ್ತು. ಅವಳಿಗೆ ಅಮ್ಮ ಬಂದರೆ ಪಕ್ಕದಲ್ಲಿ ಮಲಗಿ ಬೇವಿನ ಚಿಗುರು ಸವರಬೇಕಾದವಳು ನಾನು. ನನ್ನನ್ನು ಬಿಟ್ಟು ಲೋಕದಲ್ಲಿ ಯಾರು ಬೇಕಾದರೂ ಅವಳ ಹತ್ತಿರ ಹೋಗಬಹುದಿತ್ತು. ಪಕ್ಕೆಯ ಉರಿ ಎದ್ದಾಗಲೆಲ್ಲ ಅವಳ ಬೆರಳು ಬೇಕೆನ್ನಿಸುತ್ತಿತ್ತು, ಹಾಗೆ ಬೇಕೆನ್ನಿಸಿದ್ದಕ್ಕೇ ಹೆದರಿಕೆಯಾಗುತ್ತಿತ್ತು. ಸೊಂಟ ಸುತ್ತುವ ಸರ್ಪದ ಮೇಲೆ ಎಂದೂ ನಂಬಿಕೆಯಿಡದವಳು, ಸುತ್ತುವುದಾದರೆ ನನ್ನನ್ನೇ ಸುತ್ತಿಕೋ ಎಂದು ಬೇಡಿಕೊಂಡೆ.

ಫೋನ್ ಬಂದಾಗ ನಾನು ಗಂಜಿ ಕಾಸುತ್ತಿದ್ದೆ.

‘ಅದಂತೆ ಕಣೆ’ ಅಂದಳು ಅಕ್ಕ. ‘ರಕ್ತದಾಗೆ ಅಮ್ಮನ್ ನೆಪ್ಪು ಚೆನ್ನಾಗೇ ಅದಂತೆ. ಕೆಲವ್ರ್ಗೆ ಮೈಮ್ಯಾಲೆ ಒಂದ್ ಗುಳ್ಳೇನೂ ಏಳ್ದಂಗೆ ಬಂದೋಯ್ತದಂತೆ. ನಿನ್ ಪಕ್ದಾಗೆ ಮಲಗಿದ್ದಾಗ್ಲೇ ಬಂದಿರ್ಬೇಕು ಅಂದ್ರು ಡಾಕ್ಟ್ರು. ಆದ್ರೂ ಇರ್ಲಿ ಅಂತ ಮಾತ್ರೆ ಕೊಟ್ಟವ್ರೆ, ನಿನ್ ಗಾಯ ಒಣ್ಗೋಗಂಟ ನೀ ಬರ್ಕೂಡ್ದಂತೆ.’

ನಾನು ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ. ಒದರುವ ತಂಗಿ ಸುಮ್ಮನಾದದ್ದಕ್ಕೆ ಅವಳಿಗೆ ಗಾಬರಿಯಾಗಿರಬೇಕು, ‘ಇದ್ದೀಯೇನೆ?’ ಅಂದಳು. ಇದ್ದೀನಿ ಅಂದೆ.

‘ಅಂಗಾರೆ ಅಜ್ಜಿ ಕೈ ಮುಗ್ದಿದ್ದು ಸುಳ್ಳಿಗಲ್ಲ ಅಲ್ವೇನೆ?’

‘ಅಲ್ಲ ಕಣಕ್ಕ. ತಾಯಿ ನಿನ್ ಮೈಯಾಗೇ ಇದ್ಲು.’

ಅಕ್ಕ ಮೂಗು ಸೇದಿಕೊಂಡದ್ದು ಕೇಳಿಸಿತು. ಹಿಂದೆ ಕೊಟ್ಟಿಗೆಯಲ್ಲಿ ಯಾವುದೋ ಹಸು ಕೂಗುತ್ತಿತ್ತು. ಅದಕ್ಕೊಂದು ಬೈಗುಳ ಹಾಕಿ, ಮತ್ತೆ ನನ್ನ ಕಡೆ ತಿರುಗಿ ಕೇಳಿದಳು, ‘ಹೂಂ, ಗಾಯದ್ ಅಕ್ಕಳೆ ಒಣ್ಗಿ ಉದ್ರುದ್ವಾ? ಯಾವಾಗ ಬತ್ತೀಯೆ?’