ಮರಿಗೆ ಬೊಗಳುವುದನ್ನು ಬಿಡಿಸಲು ಹೋಗಿ

ನಮ್ಮ ನಾಯಿಗೆ ವಯಸ್ಸಾಗಿದ್ದರೂ ಎಲ್ಲರೂ ಮರಿ ಎಂದೇ ಕರೆಯುತ್ತಿದ್ದೆವು. ನೋಡಲು ಬೆಕ್ಕಿಗಿಂತ ತುಸು ದೊಡ್ಡದು, ಅಷ್ಟೇ. ಆದರೆ ಬೊಗಳಲು ನಿಂತರೆ ಚಾಮರಾಜನಗರದ ನಮ್ಮ ಬೀದಿ ಈ ತುದಿಯಿಂದ ಆ ತುದಿಯವರೆಗೆ ಎದ್ದು ಕೂರುತ್ತಿತ್ತು. ಕಳ್ಳನನ್ನೋ ಹಾವನ್ನೋ ಕಂಡು ಬೊಗಳಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಇದು ಬೊಗಳುತ್ತಿದ್ದದ್ದು ನನ್ನನ್ನು ನೋಡಿ. ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ಕುಳಿತಿದ್ದರೆ, ಅದು ಹಿಂದಿನ ಕೋಣೆಯ ಹೊಸ್ತಿಲ ಮೇಲೆ ನಿಂತು, ನನ್ನ ಕಡೆ ಮುಖ ಎತ್ತಿ ಶುರು ಮಾಡುತ್ತಿತ್ತು. ಎದ್ದು ಹತ್ತಿರ ಹೋಗುವ ತನಕ ಬಿಡುತ್ತಿರಲಿಲ್ಲ. ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಎದ್ದು ಹೋಗಿ, ಬಯ್ದು, ಕತ್ತಿನ ಪಟ್ಟಿ ಹಿಡಿದು ಹಿತ್ತಲಿಗೆ ಎಳೆದು ಹಾಕಿ ಬರುತ್ತಿದ್ದೆ.

ಹಿಂದಿನ ಕೋಣೆಯಲ್ಲಿ ಅಪ್ಪ ಮಲಗಿರುತ್ತಿದ್ದ. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಅದರ ಜೊತೆಗೆ ಮಾತೂ ಹೋಗಿತ್ತು. ಗುಂಡ್ಲುಪೇಟೆಯಿಂದ ಹಂಗಳದ ಕಡೆಗೆ ಓಡುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ಅಪ್ಪ. ಸ್ಟ್ಯಾಂಡಿನಲ್ಲಿ ನಿಂತು ‘ಹಂಗ್ಳಾ, ಹಂಗ್ಳಾ’ ಎಂದು ಕೂಗಿದರೆ ಸಂತೆಯಲ್ಲಿ ಸೊಪ್ಪು ಆರಿಸುತ್ತಿದ್ದವರೂ ಚೀಲ ಎತ್ತಿಕೊಂಡು ಓಡಿಬರುತ್ತಿದ್ದರು. ಅಂಥವನ ಗಂಟಲಿನಲ್ಲಿ ಈಗ ಒಂದು ನರಳುವ ಸದ್ದು ಮಾತ್ರ ಉಳಿದಿತ್ತು. ಮಿಷನ್ ಓಡುತ್ತಿದ್ದರೆ ಅದೂ ನನಗೆ ಕೇಳುತ್ತಿರಲಿಲ್ಲ. ಏನಾದರೂ ಬೇಕಾದರೆ ಬಾರಿಸು ಎಂದು ದೇವರ ಮನೆಯ ಗಂಟೆ ತಂದು ಎಡಗೈಗೆ ಕೊಟ್ಟಿದ್ದೆ. ಮುಖ ತಿರುಗಿಸಿ ನೆಲಕ್ಕೆ ತಳ್ಳಿಬಿಟ್ಟ. ಬೇಡವಾದರೆ ಬಿಡು ಎಂದು ನಾನೂ ಸುಮ್ಮನಾದೆ.

ಅಪ್ಪನ ಕೋಣೆಯ ಗೋಡೆಗೆ ಅಂಟಿಕೊಂಡೇ ಪಕ್ಕದ ಮನೆಯವರ ಕೋಣೆ. ಮನೆಯಲ್ಲಿ ಉರ್ದು ಆಡುವ, ಬೀದಿಯಲ್ಲಿ ನಮಗಿಂತ ಚೆನ್ನಾಗಿ ಕನ್ನಡ ಆಡುವ ಹೆಂಗಸು ಆಕೆ. ಮಗಳನ್ನು ಚೊಚ್ಚಲ ಬಾಣಂತನಕ್ಕೆ ಕರೆದುಕೊಂಡು ಬಂದಿದ್ದರು. ಕೂಸು ದಿನ ತುಂಬುವ ಮೊದಲೇ ಹುಟ್ಟಿತ್ತು, ಅಂಗೈಯಷ್ಟಿತ್ತು. ಮರಿ ಒಮ್ಮೆ ಬೊಗಳಿದರೆ ಅದು ಬೆಚ್ಚಿಬಿದ್ದು ಅಳಲು ಶುರು ಮಾಡಿ, ಹಾಲು ಕುಡಿಯುವುದನ್ನೇ ಬಿಡುತ್ತಿತ್ತು.

ಆಕೆ ಮೊದಲು ನಗುತ್ತಲೇ ಹೇಳಿದರು. ಆಮೇಲೆ ನಗದೆ ಹೇಳಿದರು. ಒಂದು ದಿನ ಬಾಗಿಲಲ್ಲಿ ನಿಂತು ಕಣ್ಣೀರೇ ಹಾಕಿದರು. “ಎಷ್ಟು ವರ್ಷದಿಂದ ಒಟ್ಟಿಗಿದ್ದೀವಿ, ಜಗಳ ಆಡೋಕೆ ನನಗೂ ಮನಸಿಲ್ಲ. ಆದ್ರೆ ಕೂಸು ಕರಗಿ ಹೋಗ್ತಾ ಇದೆ. ಈ ಭಾನುವಾರದೊಳಗೆ ಏನಾದ್ರೂ ಮಾಡಿ.”

ಏನು ಮಾಡುವುದು? ಫೋನಿನಲ್ಲಿ ಹುಡುಕಿದೆ. ನಾಯಿ ಗಮನ ಸೆಳೆಯಲು ಬೊಗಳಿದರೆ ಅದನ್ನು ನೋಡಬಾರದು, ಮಾತಾಡಿಸಬಾರದು, ಮುಟ್ಟಬಾರದು, ಬೆನ್ನು ತಿರುಗಿಸಿ ಕೂರಬೇಕು ಎಂದು ಒಂದು ವಿಡಿಯೋದಲ್ಲಿ ಯಾರೋ ಹೇಳಿಕೊಡುತ್ತಿದ್ದರು. ಬಯ್ದರೂ ಅದಕ್ಕೆ ಲಾಭವೇ ಅಂತೆ, ಯಾಕೆಂದರೆ ಬಯ್ಯಲಾದರೂ ನಾವು ಎದ್ದು ಬಂದೆವಲ್ಲ. ಮೊದಮೊದಲು ಬೊಗಳುವುದು ಇನ್ನೂ ಜೋರಾಗುತ್ತದೆ, ಹೆದರಿ ಸೋಲಬಾರದು ಅಂತ ಬೇರೆ. ಪಕ್ಕದ ಮನೆಗೆ ಹೋಗಿ ಕೈಮುಗಿದು, ಸ್ವಲ್ಪ ತಡೆದುಕೊಳ್ಳಿ ಎಂದು ಕೇಳಿಕೊಂಡು ಬಂದೆ.

ಆ ದಿನಗಳು ನನ್ನ ಶತ್ರುವಿಗೂ ಬೇಡ. ಮರಿ ಹೊಸ್ತಿಲಿಗೆ ಬಂದು ಬೊಗಳುತ್ತಿತ್ತು. ನಾನು ಗೋಡೆ ಕಡೆ ಮುಖ ಮಾಡಿ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ. ಬೆನ್ನ ಹಿಂದೆ ಬೊಗಳು, ಗೋಡೆಯಾಚೆ ಕೂಸಿನ ಅಳು. ನಡುವೆ ಅಪ್ಪ ಎಡಗೈಯಿಂದ ಮಂಚದ ಮರದ ಪಟ್ಟಿಗೆ ಪಟಪಟ ಬಡಿಯುವ ಸದ್ದೂ ಕೇಳುತ್ತಿತ್ತು. ಮರಿಯ ಗಲಾಟೆಗೆ ಅಪ್ಪನಿಗೂ ರೇಗಿ ಹೋಗಿದೆ, ಅದನ್ನು ಗದರಿಸುತ್ತಿದ್ದಾನೆ ಅಂದುಕೊಂಡೆ. ಬ್ಲೌಸಿನ ತೋಳು ತಿರುವುಮುರುವು ಹೊಲಿದು, ಬಿಚ್ಚಿ, ಮತ್ತೆ ಹಾಗೇ ಹೊಲಿದೆ.

ಮರಿ ಸೋಲಲಿಲ್ಲ. ದಿನದಿಂದ ದಿನಕ್ಕೆ ಅಪ್ಪನ ಮುಖವೂ ಗಂಟಾಗುತ್ತಾ ಬಂತು. ಊಟ ತಿನ್ನಿಸಲು ಹೋದರೆ ತುಟಿ ಬಿಗಿ ಹಿಡಿಯುತ್ತಿದ್ದ. ಶುಕ್ರವಾರ ನೀರಿನ ಲೋಟವನ್ನು ಎಡಗೈಯಿಂದ ಹೊಡೆದು ಗೋಡೆಗೆ ಎಸೆದ. ದಿಂಬಿನ ಕೆಳಗೆ, ನಾನು ಚಹಾದ ಜೊತೆ ಕೊಡುತ್ತಿದ್ದ ಬಿಸ್ಕತ್ತಿನ ಚೂರುಗಳು ಇದ್ದವು. ಅನ್ನ ಬಿಟ್ಟು ಕಳ್ಳತನದಲ್ಲಿ ಬಿಸ್ಕತ್ತು ತಿನ್ನುತ್ತೀಯಾ ಎಂದು ಅವನನ್ನೂ ಬಯ್ದೆ. ಅಪ್ಪ ಮಿಕಿಮಿಕಿ ನೋಡಿದ, ಕಣ್ಣು ತುಂಬಿಕೊಂಡಿದ್ದವು. ಈ ನಾಯಿಯ ಕಾಟ ಅಪ್ಪನಿಗೂ ಸಾಕಾಗಿದೆ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ.

ತಮ್ಮನಿಗೆ ಫೋನ್ ಮಾಡಿದೆ. ಅವನು ಗುಂಡ್ಲುಪೇಟೆಯಲ್ಲಿ ಖಾಸಗಿ ಬಸ್ ಓಡಿಸುತ್ತಾನೆ. ಉಡಿಗಾಲದಲ್ಲಿ ಅವನ ಗೆಳೆಯನ ಬಾಳೆತೋಟವಿದೆ, ಪಂಪ್‌ಹೌಸಿನಲ್ಲಿ ಕಟ್ಟಿಕೊಳ್ಳಲು ನಾಯಿ ಬೇಕೆಂದು ಕೇಳಿದ್ದನಂತೆ. ಆ ಕಡೆ ತೋಟದಲ್ಲಿ ಚಿರತೆ ಓಡಾಡುತ್ತಿದೆ ಅನ್ನುವ ಮಾತು ನನ್ನ ಕಿವಿಗೂ ಬಿದ್ದಿತ್ತು. ಬೆಕ್ಕಿನಷ್ಟಿರುವ ನಾಯಿಯನ್ನು ಅಲ್ಲಿ ಕಟ್ಟಿದರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಬಾ ಅಂದೆ. ಗೋಡೆಯಾಚೆಯ ಕೂಸಿನ ಎದುರಿಗೆ ನನಗೆ ಬೇರೆ ಏನೂ ತೋಚಲಿಲ್ಲ.

ಭಾನುವಾರ ಬೆಳಿಗ್ಗೆ ಅವನು ಬೈಕಿಗೆ ಮುಚ್ಚಳದ ಬುಟ್ಟಿ ಕಟ್ಟಿಕೊಂಡು ಬಂದ. ಮರಿ ಬಾಲ ಆಡಿಸಿಕೊಂಡು ಅವನ ಕೈಗೇ ಹೋಯಿತು. ಬುಟ್ಟಿಯೊಳಗೆ ಕೂರಿಸಿ ಮುಚ್ಚಳದ ಮೇಲೆ ಹಗ್ಗ ಎಳೆದಾಗ ಒಂದು ಸಲ ಕುಂಯ್ ಅಂದು ಸುಮ್ಮನಾಯಿತು. ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ. ಪಕ್ಕದ ಮನೆಯಾಕೆಯೂ ಬಾಗಿಲಿಗೆ ಬಂದಿದ್ದರು.

“ಅಳ್ಬೇಡ ಸುಮ್ನಿರಕ್ಕ. ತಕ್ಕೊಂಡೋಗ್ಬುಡ್ತೀನಿ, ಒಂದೆರಡ್ ದಿನ ಆದ್ರೆ ಮರ್ತೋಯ್ತದೆ” ಅಂದ ತಮ್ಮ.

ಅಷ್ಟರಲ್ಲಿ ಒಳಗಿನಿಂದ ಪಟ್, ಪಟ್ ಎಂದು ಎರಡು ಏಟು ಕೇಳಿದವು. ಬುಟ್ಟಿಯೊಳಗೆ ಮರಿ ಬೊಗಳತೊಡಗಿತು. ಮುಚ್ಚಳ ಅದುರುವಂತೆ ಬೊಗಳಿತು. ಗೋಡೆಯಾಚೆ ಕೂಸು ಕಿರುಚಿತು. ಆಗ ಒಳಗಿನಿಂದ ಇನ್ನೊಂದು ಏಟು, ಒಂದೇ ಒಂದು. ಮರಿ ಬಾಯಿ ಮುಚ್ಚಿತು.

ಹಗ್ಗ ಬಿಗಿಯುತ್ತಿದ್ದ ತಮ್ಮನ ಕೈ ಹಾಗೇ ನಿಂತಿತು. “ಅಕ್ಕ, ಕೇಳುಸ್ತಾ?”

“ಮರಿ ಕಾಟಕ್ಕೆ ದಿನಾ ಹಿಂಗೇ ಬಡ್ಕೊತಾನೆ ಕಣೋ, ರೇಗೋಗಿದೆ ಅಪ್ಪಂಗೆ” ಅಂದೆ.

“ರೇಗ್ಕೊಂಡಿರದಲ್ಲ ಕಣಕ್ಕ. ಅದು ರೈಟು!” ಅವನು ಹಗ್ಗ ಬಿಟ್ಟು ಒಳಬಾಗಿಲ ಕಡೆ ಕೈ ತೋರಿಸಿದ. “ರಶ್ಶಲ್ಲಿ ಕೂಗುದ್ರೆ ಡ್ರೈವರ್‌ಗೆ ಕೇಳ್ಸಲ್ಲ ಅಂತ ಕಂಡಕ್ಟರು ತಗಡು ಬಡೀತಾರಲ್ಲ, ಅದು. ಎರಡೇಟು ಬಿದ್ರೆ ಓಡ್ಸು ಅಂತ. ಒಂದೇಟು ಬಿದ್ರೆ ನಿಲ್ಸು ಅಂತ. ದಿನಾ ಕೇಳೋನು ನಾನು, ನಂಗೊತ್ತಿಲ್ವಾ?”

ಅವನ ಮಾತು ಮುಗಿಯುವುದರೊಳಗೆ ಒಳಗಿನಿಂದ ಮತ್ತೆ ಎರಡು ಏಟು ಬಿದ್ದವು, ಮರಿ ಬೊಗಳಿತು. ಒಂದು ಏಟು ಬಿತ್ತು, ಮರಿ ನಿಲ್ಲಿಸಿತು. ಮೂವರೂ ಬುಟ್ಟಿಯನ್ನೇ ನೋಡುತ್ತಾ ನಿಂತೆವು. ದಿಂಬಿನ ಕೆಳಗಿನ ಬಿಸ್ಕತ್ತು ಯಾರಿಗೆ ಹೋಗುತ್ತಿತ್ತು ಎಂದು ಆಗ ನನ್ನ ಮಂದ ಬುದ್ಧಿಗೆ ಹೊಳೆಯಿತು. ಮರಿ ಬೊಗಳಿದರೆ ನಾನು ಎದ್ದು ಬರುತ್ತೇನೆ ಎಂಬುದನ್ನು ಅಪ್ಪ ಮಲಗಿದ್ದಲ್ಲಿಂದಲೇ ಕಂಡುಕೊಂಡಿದ್ದ. ದೇವರ ಗಂಟೆಯನ್ನು ಮನುಷ್ಯರಿಗೆ ಬಾರಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ. ತನಗೆ ಗೊತ್ತಿದ್ದ ಏಟುಗಳನ್ನೇ ಮರಿಗೆ ಕಲಿಸಿಕೊಂಡು, ಅದರ ಬಾಯಿಂದ ನನ್ನನ್ನು ಕರೆಯುತ್ತಿದ್ದ. ನಾನು ಬರುತ್ತಿದ್ದೆ, ಮರಿಯನ್ನು ಎಳೆದುಕೊಂಡು ಹೋಗುತ್ತಿದ್ದೆ, ಮಂಚದ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ. ಈಚೆಗಂತೂ ನೋಡಬಾರದು, ಮಾತಾಡಿಸಬಾರದು ಎಂದು ಬೆನ್ನು ತಿರುಗಿಸಿ ಕುಳಿತಿದ್ದೆ.

ಪಕ್ಕದ ಮನೆಯಾಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಮೊದಲು ಆ ಬುಟ್ಟಿ ಬಿಚ್ಚಪ್ಪಾ” ಎಂದು ತಮ್ಮನಿಗೆ ಗದರಿದರು. ಆಮೇಲೆ ನನ್ನ ಕಡೆ ತಿರುಗಿದರು. “ಅವರ ಮಂಚ ತಂದು ನಿಮ್ಮ ಮಿಷನ್ ಪಕ್ಕ ಹಾಕ್ಕೊಳ್ರೀ. ಅವರ ಕೈಸದ್ದು ನಿಮಗೇ ಕೇಳಿಸಿದ್ರೆ, ನಾಯಿ ಯಾಕೆ ಬೊಗಳುತ್ತೆ? ಹೋಗಿ, ಏನು ಬೇಕು ಅಂತ ಕೇಳಿ ಹೋಗಿ.”

ಒಳಗೆ ಹೋದೆ. ಅಪ್ಪ ಬಾಗಿಲ ಕಡೆಗೇ ಕತ್ತು ವಾಲಿಸಿಕೊಂಡು ಮಲಗಿದ್ದ. ಎಡಗೈ ಪಟ್ಟಿಯ ಮೇಲೇ ಇತ್ತು. ಅಂಗೈ ಕೆಂಪಾಗಿತ್ತು.

“ಏನ್ ಬೇಕಪ್ಪ? ನೀರು ಕೊಡ್ಲಾ?”

ಬೇಡವೆಂದು ತಲೆಯಾಡಿಸಿದ. ಬಚ್ಚಲಿಗಾ ಅಂದೆ. ಅಲ್ಲ. ಫ್ಯಾನು? ಹೊದಿಕೆ? ಹಸಿವಾ? ಎಲ್ಲಕ್ಕೂ ಅಲ್ಲ ಎಂದೇ ತಲೆಯಾಡಿಸಿದ. ಕೊನೆಗೆ ಗದ್ದ ಎತ್ತಿ ಮಂಚದ ಪಕ್ಕದ ಕುರ್ಚಿ ತೋರಿಸಿದ. ಅದರ ಮೇಲೆ ಒಗೆದ ಬಟ್ಟೆಗಳ ರಾಶಿ ಬಿದ್ದಿತ್ತು. ಅಲ್ಲಿ ಯಾರೂ ಕುಳಿತು ಎಷ್ಟು ಕಾಲವಾಗಿತ್ತೋ. ಬಟ್ಟೆಯನ್ನೆಲ್ಲ ನೆಲಕ್ಕೆ ತಳ್ಳಿ ಕುಳಿತುಕೊಂಡೆ.

ಅಪ್ಪ ನನ್ನ ಮುಖ ನೋಡುತ್ತಾ, ಮಂಚದ ಪಟ್ಟಿಗೆ ಮೆಲ್ಲಗೆ ಒಂದೇ ಒಂದು ಏಟು ಕೊಟ್ಟ.